ಹತ್ತು ನಿಮಿಷ ಉಸಿರು ಹಿಡಿದವನು

ಕಡಲಿನ ತಳದಲ್ಲಿ ಒಬ್ಬ ತರುಣ ನಿಂತಿದ್ದಾನೆ. ಅವನಿಗೊಂದು ಹಗ್ಗ ಬಿಗಿದಿದೆ. ಹಗ್ಗದ ಇನ್ನೊಂದು ತುದಿ ಒಂದು ವಿಗ್ರಹಕ್ಕೆ ಕಟ್ಟಿದೆ. ಸುತ್ತಲೂ ಕತ್ತಿ, ಚಾಕು ಮುಂತಾದ ಹರಿತದ ಸಾಮಾನುಗಳೇ ಬಿದ್ದಿವೆ. ಯಾವುದನ್ನು ಹಿಡಿದರೂ ಹಗ್ಗ ಕೊಯ್ದುಕೊಳ್ಳಬಹುದು. ಆದರೆ ಎಲ್ಲವೂ ಕೈಗೆಟುಕುವುದಕ್ಕೆ ಗೇಣು ದೂರ! ಕಂಪ್ಯೂಟರಿನ ಮುಂದೆ ಕುಳಿತವರು ಮೌಸ್ ಹಿಡಿದು ಒಂದೊಂದನ್ನೇ ಕ್ಲಿಕ್ಕಿಸಿ ನೋಡುತ್ತಾರೆ. ತರುಣ ಅತ್ತ ಹೆಜ್ಜೆ ಹಾಕುತ್ತಾನೆ, ಹಗ್ಗ ತಡೆಯುತ್ತದೆ. ಇತ್ತ ಹೋಗುತ್ತಾನೆ, ಮತ್ತೆ ಹಗ್ಗ.

ಪರಿಹಾರ ತೀರಾ ಸರಳ. ಪರದೆಯ ಕೆಳಭಾಗದಲ್ಲಿ ತೆರೆ, ಮುಚ್ಚು, ತಳ್ಳು, ಎಳೆ, ಕೊಡು, ಮಾತಾಡು ಎಂದು ಕ್ರಿಯಾಪದಗಳ ಒಂದು ಪಟ್ಟಿ ಇರುತ್ತದೆ. ಅದರಲ್ಲಿ ‘ಎತ್ತಿಕೋ’ ಎಂಬುದನ್ನು ಒತ್ತಿ ವಿಗ್ರಹವನ್ನೇ ತೋರಿಸಬೇಕು. ಅವನು ಅದನ್ನೆತ್ತಿ ಅಂಗಿಯೊಳಗೆ ಸೇರಿಸಿಕೊಂಡು, ಏನೂ ಆಗಿಲ್ಲವೆಂಬಂತೆ ದಡಕ್ಕೆ ನಡೆದು ಬರುತ್ತಾನೆ. ಅಷ್ಟು ಹೊತ್ತೂ ಆಟಗಾರನ ಕಣ್ಣು ಕತ್ತಿಗಳ ಮೇಲಿತ್ತು. ಕಾಲ ಬುಡದಲ್ಲಿದ್ದದ್ದು ಕಾಣಲಿಲ್ಲ.

ಇದು ‘ದಿ ಸೀಕ್ರೆಟ್ ಆಫ್ ಮಂಕಿ ಐಲೆಂಡ್’ ಎಂಬ ಕಂಪ್ಯೂಟರ್ ಆಟದ ಒಂದು ಪ್ರಸಂಗ. ಅಮೆರಿಕದ ಲ್ಯೂಕಾಸ್‌ಫಿಲ್ಮ್ ಗೇಮ್ಸ್ ಸಂಸ್ಥೆ 1990ರ ಅಕ್ಟೋಬರಿನಲ್ಲಿ ಇದನ್ನು ಹೊರತಂದಿತು. ಆ ತರುಣನ ಹೆಸರು ಗೈಬ್ರಷ್ ತ್ರೀಪ್‌ವುಡ್. ತಾನು ಹತ್ತು ನಿಮಿಷ ಉಸಿರು ಬಿಗಿಹಿಡಿಯಬಲ್ಲೆನೆಂದು ಕಂಡಕಂಡವರ ಮುಂದೆ ಜಂಬ ಕೊಚ್ಚುವುದು ಇವನ ಅಭ್ಯಾಸ. ನೀರಿನೊಳಗೆ ಆಟಗಾರನಿಗೆ ಸಿಗುವ ಸಮಯವೂ ಅಷ್ಟೇ, ಗಡಿಯಾರದ ಹತ್ತು ನಿಮಿಷ. ಅಷ್ಟರಲ್ಲಿ ಹೊಳೆಯದೇ ಹೋದರೆ ಗೈಬ್ರಷ್ ಸಾಯುತ್ತಾನೆ. ಪಟ್ಟಿಯ ಕ್ರಿಯಾಪದಗಳು ಆಗ ತೇಲು, ಉಬ್ಬು, ಕೊಳೆ ಎಂದು ಬದಲಾಗುತ್ತವೆ. ಕೊನೆಯಲ್ಲಿ ‘ಸುಳಿವಿನ ಪುಸ್ತಕ ತರಿಸಿಕೋ’ ಎಂಬ ಸಲಹೆಯೂ ಇರುತ್ತದೆ.

ಇಡೀ ಆಟದಲ್ಲಿ ನಾಯಕ ಸಾಯಬಹುದಾದ ಜಾಗ ಇದೊಂದೇ. ಕಂಪ್ಯೂಟರ್ ಆಟ ಎಂದರೆ ಗುಂಡು, ಸಿಡಿತ, ಮೂರು ಪ್ರಾಣ, ಕೊನೆಗೆ ‘ಆಟ ಮುಗಿಯಿತು’ ಎಂದೇ ಬಲ್ಲವರಿಗೆ ಇದು ವಿಚಿತ್ರವೆನಿಸಬಹುದು. ಸೋಲೇ ಇಲ್ಲದ ಮೇಲೆ ಅದೆಂಥ ಆಟ? ಆದರೆ ಸಾವನ್ನು ತೆಗೆದುಹಾಕಿದ್ದು ಮರೆವಿನಿಂದಲ್ಲ, ಔದಾರ್ಯದಿಂದಲೂ ಅಲ್ಲ. ಕಥೆ ಹೇಳುವವನಿಗೂ ಕೇಳುವವನಿಗೂ ನಡುವೆ ಒಂದು ನ್ಯಾಯ ಇರಬೇಕೆಂಬ ಹಟದಿಂದ.

ಗವಿಯಿಂದ ಹೊರಟ ಕಥೆ

ಈ ಬಗೆಯ ಆಟಗಳ ಮೂಲ ಒಂದು ಗವಿಯಲ್ಲಿದೆ. ವಿಲ್ ಕ್ರೌದರ್ ಎಂಬ ಅಮೆರಿಕದ ಪ್ರೋಗ್ರಾಮರ್, ಇಂಟರ್ನೆಟ್ಟಿನ ಪೂರ್ವಜ ಎನ್ನಲಾದ ಅರ್ಪಾನೆಟ್ ಜಾಲವನ್ನು ಕಟ್ಟಿದವರಲ್ಲಿ ಒಬ್ಬರು. ಬಿಡುವಿದ್ದಾಗ ಗವಿ ಹೊಕ್ಕು ನಕ್ಷೆ ತಯಾರಿಸುವುದು ಅವರ ಹವ್ಯಾಸ. ವಿವಾಹ ವಿಚ್ಛೇದನವಾದ ಬಳಿಕ, ತಮ್ಮ ಹೆಣ್ಣುಮಕ್ಕಳು ಬಂದಾಗ ಆಡಲು ಏನಾದರೂ ಇರಲೆಂದು 1975-76ರಲ್ಲಿ ಅವರೊಂದು ಆಟ ಬರೆದರು. ಕೆಂಟಕಿಯ ಮ್ಯಾಮತ್ ಗುಹೆಯೇ ಅದಕ್ಕೆ ಆಧಾರ. ಚಿತ್ರ ಒಂದೂ ಇಲ್ಲ, ಬರೀ ಅಕ್ಷರ. ಯಂತ್ರ ‘ನೀನು ಇಂಥ ಕಡೆ ಇದ್ದೀಯೆ’ ಎನ್ನುತ್ತದೆ. ಆಟಗಾರ ‘ಉತ್ತರಕ್ಕೆ ಹೋಗು’, ‘ದೀಪ ತಗೋ’ ಎಂದು ಒಂದೆರಡು ಪದ ಟೈಪ್ ಮಾಡುತ್ತಾನೆ. 1977ರಲ್ಲಿ ಡಾನ್ ವುಡ್ಸ್ ಎಂಬವರು ಅದನ್ನು ಹಿಗ್ಗಿಸಿದರು. ‘ಅಡ್ವೆಂಚರ್’ ಎಂಬ ಆ ಆಟದ ಹೆಸರೇ ಮುಂದೆ ಆ ಕುಲಕ್ಕೆಲ್ಲ ಅಂಟಿಕೊಂಡಿತು.

ಅದನ್ನು ಆಡಿ ಮರುಳಾದವರಲ್ಲಿ ರಾಬರ್ಟಾ ವಿಲಿಯಮ್ಸ್ ಎಂಬ ಗೃಹಿಣಿಯೂ ಒಬ್ಬರು. ಆಕೆ ಅಡುಗೆಮನೆಯ ಮೇಜಿನ ಮೇಲೆ ಕಥೆ ಹೆಣೆದರು, ಗಂಡ ಕೆನ್ ಪ್ರೋಗ್ರಾಂ ಬರೆದರು. 1980ರಲ್ಲಿ ಆಪಲ್-2 ಕಂಪ್ಯೂಟರಿಗಾಗಿ ಬಂದ ಅವರ ‘ಮಿಸ್ಟರಿ ಹೌಸ್’ನಲ್ಲಿ ಅಕ್ಷರದ ಜತೆಗೆ ಗೆರೆಚಿತ್ರಗಳೂ ಇದ್ದವು. ಆ ದಂಪತಿಯ ಸಿಯೆರಾ ಸಂಸ್ಥೆ 1984ರಲ್ಲಿ ‘ಕಿಂಗ್ಸ್ ಕ್ವೆಸ್ಟ್’ ತಂದಾಗ ಚಿತ್ರದೊಳಗೆ ನಾಯಕ ನಡೆದಾಡತೊಡಗಿದ. ಮಾತು ಮಾತ್ರ ಇನ್ನೂ ಕೀಲಿಮಣೆಯಲ್ಲೇ. ಯಂತ್ರಕ್ಕೆ ‘ಬಂಡೆ’ ಎಂದರೆ ಗೊತ್ತಿದ್ದು ‘ಕಲ್ಲು’ ಎಂದರೆ ಗೊತ್ತಿಲ್ಲದಿದ್ದರೆ ಆಟಗಾರನ ಪಾಡು ದೇವರಿಗೇ ಪ್ರೀತಿ. ಒಗಟಿನ ಉತ್ತರ ತಲೆಯಲ್ಲಿದ್ದರೂ ಅದಕ್ಕೆ ಒಪ್ಪುವ ಪದ ಹುಡುಕುವುದೇ ಇನ್ನೊಂದು ಒಗಟು.

ರಾನ್ ಗಿಲ್ಬರ್ಟ್ ಎಂಬ ತರುಣ ಪ್ರೋಗ್ರಾಮರ್ ‘ಕಿಂಗ್ಸ್ ಕ್ವೆಸ್ಟ್’ ಕಂಡದ್ದು ಒಂದು ಕ್ರಿಸ್‌ಮಸ್ ರಜೆಯಲ್ಲಿ, ನೆಂಟರ ಮನೆಯ ಹುಡುಗ ಆಡುತ್ತಿದ್ದಾಗ. ಕಥೆಯೊಳಗೆ ತಿರುಗಾಡುವುದು ಹಿಡಿಸಿತು, ಟೈಪ್ ಮಾಡುವುದು ಹಿಡಿಸಲಿಲ್ಲ. ಕಣ್ಣೆದುರಿಗೇ ಕಾಣುವ ಬಾಗಿಲಿನ ಹೆಸರನ್ನು ಬರೆದು ತಿಳಿಸುವುದೇಕೆ, ಬೆರಳು ಮಾಡಿ ತೋರಿಸಿದರೆ ಸಾಲದೆ? ಗ್ಯಾರಿ ವಿನ್ನಿಕ್ ಎಂಬ ಚಿತ್ರಗಾರರ ಜತೆಗೂಡಿ ಅವರು 1987ರಲ್ಲಿ ‘ಮೇನಿಯಾಕ್ ಮ್ಯಾನ್ಷನ್’ ಆಟ ತಯಾರಿಸಿದರು. ಕ್ರಿಯಾಪದವನ್ನು ಪಟ್ಟಿಯಿಂದ ಆರಿಸುವುದು, ವಸ್ತುವನ್ನು ಚಿತ್ರದಲ್ಲಿ ತೋರಿಸುವುದು, ಅಲ್ಲಿಗೆ ವಾಕ್ಯ ಪೂರ್ಣ. ಈ ಆಟಕ್ಕಾಗಿ ಕಟ್ಟಿದ ‘ಸ್ಕಮ್’ ಎಂಬ ತಂತ್ರಾಂಶವನ್ನೇ ಆ ಸಂಸ್ಥೆ ಮುಂದಿನ ಹತ್ತು ವರ್ಷ ತನ್ನ ಸಾಹಸದಾಟಗಳಿಗೆ ಬಳಸಿತು.

ಇಲಿಗೆ ಉಪಕಾರ ಮಾಡದ ದೊರೆ

ಟೈಪಿಂಗ್ ತೊಲಗಿದರೂ ಇನ್ನೊಂದು ಪೀಡೆ ಉಳಿದಿತ್ತು. ಅಂದಿನ ಸಾಹಸದಾಟಗಳಲ್ಲಿ ಸಾವು ಹೆಜ್ಜೆಹೆಜ್ಜೆಗೂ ಹೊಂಚು ಹಾಕುತ್ತಿತ್ತು. ಮೆಟ್ಟಿಲ ಅಂಚಿನಲ್ಲಿ ಕಾಲಿಟ್ಟರೆ ಸಾವು, ಅಪರಿಚಿತ ಬಾಗಿಲು ತೆರೆದರೆ ಸಾವು. ಸತ್ತರೆ ಪರವಾಗಿಲ್ಲ, ಉಳಿಸಿಟ್ಟ ಜಾಗದಿಂದ ಮತ್ತೆ ಶುರು ಮಾಡಬಹುದು. ಅದಕ್ಕಿಂತ ಕ್ರೂರವಾದದ್ದು ಸತ್ತಿದ್ದೂ ಗೊತ್ತಾಗದ ಸಾವು.

‘ಮಂಕಿ ಐಲೆಂಡ್’ ಬಂದ 1990ರಲ್ಲೇ ಸಿಯೆರಾದ ‘ಕಿಂಗ್ಸ್ ಕ್ವೆಸ್ಟ್-5’ ಬಂತು. ಅದರಲ್ಲಿ ಒಂದು ಕಡೆ ಬೆಕ್ಕೊಂದು ಇಲಿಯನ್ನು ಅಟ್ಟಿಸಿಕೊಂಡು ಹೋಗುತ್ತದೆ. ದೊರೆ ಗ್ರಹಾಂ ಆ ಕ್ಷಣದಲ್ಲೇ ಹಳೆಯ ಬೂಟನ್ನೋ ಕೋಲನ್ನೋ ಬೆಕ್ಕಿನತ್ತ ಎಸೆದು ಇಲಿಯನ್ನು ಉಳಿಸಬೇಕು. ಎಷ್ಟೋ ಹೊತ್ತಿನ ಬಳಿಕ ದುಷ್ಟರು ಅವನನ್ನು ನೆಲಮಾಳಿಗೆಯಲ್ಲಿ ಕಟ್ಟಿಹಾಕಿದಾಗ ಅದೇ ಇಲಿ ಬಂದು ಹಗ್ಗ ಕಡಿಯುತ್ತದೆ. ನೀತಿಕಥೆಯೇನೋ ಸೊಗಸಾಗಿದೆ. ಆದರೆ ಇಲಿ ಓಡಿದಾಗ ಬೂಟು ಕೈಯಲ್ಲಿರಲಿಲ್ಲವೆನ್ನಿ. ಅವಕಾಶ ಒಂದೇ ಸಲ. ಆಟ ಏನೂ ಹೇಳುವುದಿಲ್ಲ, ಮುಂದೆ ಸಾಗಲು ಬಿಡುತ್ತದೆ. ನೆಲಮಾಳಿಗೆ ತಲುಪಿದ ಮೇಲೆ ದಾರಿ ಮುಚ್ಚುತ್ತದೆ. ಎಲ್ಲಿ ತಪ್ಪಿತು, ಎಷ್ಟು ಹಿಂದಕ್ಕೆ ಹೋಗಬೇಕು ಎಂಬುದನ್ನು ಊಹಿಸುವುದು ಆಟಗಾರನ ಕರ್ಮ.

ಇಂಥ ಆಟಗಳನ್ನು ಆಡುವವರು ಒಂದು ಅಭ್ಯಾಸಕ್ಕೆ ಬಿದ್ದರು. ಎರಡು ಹೆಜ್ಜೆ ಇಡುವುದು, ಆಟವನ್ನು ಡಿಸ್ಕಿನಲ್ಲಿ ಉಳಿಸುವುದು, ಮತ್ತೆರಡು ಹೆಜ್ಜೆ, ಮತ್ತೆ ಉಳಿಸುವುದು. ಕಥೆ ಕೇಳುವವನ ಮನಸ್ಸು ಅಲ್ಲಿಲ್ಲ. ಗಣಿ ಹೂತ ನೆಲದ ಮೇಲೆ ನಡೆಯುವ ಸೈನಿಕನ ಮನಸ್ಸು ಅದು.

ಗಿಲ್ಬರ್ಟ್ 1989ರಲ್ಲೇ ಇದರ ವಿರುದ್ಧ ಒಂದು ಲೇಖನ ಬರೆದಿದ್ದರು. ಸಾಹಸದಾಟಗಳು ಏಕೆ ಕೆಟ್ಟಿವೆ ಎಂಬ ಅರ್ಥದ ಒರಟು ತಲೆಬರಹ ಅದಕ್ಕೆ. ಅಲ್ಲಿ ಅವರು ಹಾಕಿಕೊಟ್ಟ ನಿಯಮಗಳು ಇಂದಿಗೂ ಆಟ ರಚಿಸುವವರ ನಡುವೆ ಓಡಾಡುತ್ತವೆ. ಆಟಗಾರ ಸಾಯುವ ಮೂಲಕ ಕಲಿಯುವಂತೆ ಇರಬಾರದು. ಹಿಂದೆಲ್ಲೋ ಎತ್ತಿಕೊಳ್ಳದೆ ಬಂದ ವಸ್ತುವಿಗಾಗಿ ಆಟವೇ ಕೈಕೊಡಬಾರದು. ಒಗಟು ಬಿಡಿಸಿದಾಗ ಕಥೆ ಒಂದು ಹೆಜ್ಜೆ ಮುಂದೆ ಹೋಗಬೇಕು, ಬರೀ ಹೊತ್ತು ಕಳೆಯಲು ಒಗಟಿರಬಾರದು.

ಇವುಗಳಲ್ಲಿ ‘ಹಿಂದುಮುಂದಾದ ಒಗಟು’ ಎಂಬುದರ ವಿವರಣೆ ಸ್ವಾರಸ್ಯವಾಗಿದೆ. ಆಟಗಾರನಿಗೆ ಮೊದಲು ಹಗ್ಗ ಸಿಕ್ಕಿ, ಆಮೇಲೆ ಇಳಿಯಬೇಕಾದ ಕಮರಿ ಕಂಡರೆ ಅಲ್ಲಿ ಒಗಟೇ ಇಲ್ಲ. ಕಮರಿ ಮೊದಲು ಕಾಣಬೇಕು. ಇಳಿಯುವುದು ಹೇಗೆಂಬ ಚಿಂತೆ ತಲೆಯಲ್ಲಿ ಕೂರಬೇಕು. ಆಮೇಲೆ ಎಲ್ಲೋ ಹಗ್ಗ ಕಂಡಾಗ ‘ಓಹೋ!’ ಎನ್ನಬೇಕು. ಪ್ರಶ್ನೆ ಮೊದಲು, ಉತ್ತರ ಆಮೇಲೆ. ಹೇಳಿದ ಮೇಲೆ ಎಷ್ಟು ಸಹಜ! ಆದರೂ ಆ ಕಾಲದ ಬಹಳಷ್ಟು ಆಟಗಳು ಮೊದಲು ಜೇಬು ತುಂಬಿಸಿ ಆಮೇಲೆ ಬೀಗ ತೋರಿಸುತ್ತಿದ್ದವು.

ಬೈಗುಳದ ಕತ್ತಿವರಸೆ

ಆ ನಿಯಮಗಳಂತೆ ಕಟ್ಟಿದ್ದೇ ‘ಮಂಕಿ ಐಲೆಂಡ್’. ಗಿಲ್ಬರ್ಟರ ಜತೆ ಟಿಮ್ ಶೇಫರ್ ಮತ್ತು ಡೇವ್ ಗ್ರಾಸ್‌ಮನ್ ಎಂಬ ಇಬ್ಬರು ತರುಣರು ಬರವಣಿಗೆಗೆ ಕೂತರು. ಡಿಸ್ನಿಲ್ಯಾಂಡಿನಲ್ಲಿ ಕಡಲ್ಗಳ್ಳರ ಲೋಕದ ನಡುವೆ ದೋಣಿಯಲ್ಲಿ ಕೂತು ಸಾಗುವ ಒಂದು ಪ್ರದರ್ಶನವಿದೆ. ಆ ದೋಣಿಯಿಂದಿಳಿದು ಅಲ್ಲೇ ಅಲೆದಾಡುವಂತಿದ್ದರೆ ಎಂಬ ಆಸೆಯೇ ಆಟದ ಬೀಜವೆಂದು ಗಿಲ್ಬರ್ಟ್ ಹೇಳಿದ್ದಾರೆ. ಟಿಮ್ ಪವರ್ಸ್ 1987ರಲ್ಲಿ ಬರೆದ ಕಡಲ್ಗಳ್ಳರ ಕಾದಂಬರಿಯೂ ಸ್ಫೂರ್ತಿ ಕೊಟ್ಟಿತು. ನಾಯಕನ ಹೆಸರಿನ ಕಥೆಯೂ ತಮಾಷೆಯದು. ಹೆಸರಿಲ್ಲದ ಅವನನ್ನು ಎಲ್ಲರೂ ‘ಗೈ’, ಅಂದರೆ ‘ಆಸಾಮಿ’ ಎನ್ನುತ್ತಿದ್ದರು. ಚಿತ್ರ ಬರೆಯುವ ತಂತ್ರಾಂಶದಲ್ಲಿ ಆ ಚಿತ್ರಕ್ಕೆ ‘ಬ್ರಷ್’ ಎಂಬ ಬಾಲ ಸೇರಿತು. ಕಡತದ ಹೆಸರೇ ನಾಯಕನ ಹೆಸರಾಯಿತು!

ಈ ಆಸಾಮಿ ಮಿಲೇ ಎಂಬ ದ್ವೀಪಕ್ಕೆ ಬಂದಿಳಿದು ತಾನು ಕಡಲ್ಗಳ್ಳನಾಗಬೇಕೆನ್ನುತ್ತಾನೆ. ಮೂರು ಪರೀಕ್ಷೆ ಗೆಲ್ಲಬೇಕೆಂದು ಅಲ್ಲಿನ ಹಿರಿಯ ಕಳ್ಳರು ಅಪ್ಪಣೆ ಕೊಡಿಸುತ್ತಾರೆ: ಕತ್ತಿವರಸೆ, ಕಳ್ಳತನ ಮತ್ತು ನಿಧಿ ಶೋಧ. ಯಾವುದನ್ನು ಮೊದಲು ಮಾಡಿದರೂ ಸರಿ. ಒಂದರಲ್ಲಿ ಸಿಕ್ಕಿಬಿದ್ದರೆ ಇನ್ನೊಂದಕ್ಕೆ ಕೈಹಾಕಬಹುದು.

ಕತ್ತಿವರಸೆಯಲ್ಲಿ ಕೈಚಳಕಕ್ಕೆ ಬೆಲೆಯಿಲ್ಲ, ನಾಲಿಗೆಗೇ ಬೆಲೆ. ಎರಾಲ್ ಫ್ಲಿನ್ ನಟಿಸಿದ ಹಳೆಯ ಸಿನಿಮಾಗಳಲ್ಲಿ ಕತ್ತಿ ಬೀಸುತ್ತಲೇ ಮಾತಿನ ಚಕಮಕಿ ನಡೆಯುತ್ತಿತ್ತು. ಅದನ್ನೇ ಇಲ್ಲಿ ಒಗಟಾಗಿಸಿದ್ದಾರೆ. ಬೈಗುಳಗಳನ್ನು ಬರೆಯಲು ವಿಜ್ಞಾನ ಕಥೆಗಾರ ಆರ್ಸನ್ ಸ್ಕಾಟ್ ಕಾರ್ಡ್ ನೆರವಾದರು. ಎದುರಾಳಿ ಬೈದಾಗ ತಕ್ಕ ಮಾರುತ್ತರ ಕೊಟ್ಟರೆ ಕತ್ತಿ ಮುಂದೆ ಸರಿಯುತ್ತದೆ, ತಡವರಿಸಿದರೆ ಹಿಂದೆ. ‘ನೀನು ಹಾಲು ಮಾರುವ ರೈತನ ಹಾಗೆ ಕಾದಾಡುತ್ತೀಯೆ’ ಎಂದು ಒಬ್ಬ ಮೂದಲಿಸಿದರೆ, ‘ಸರಿಹೋಯಿತು, ನೀನು ಹಸುವಿನ ಹಾಗೆ’ ಎಂಬ ಧಾಟಿಯ ಉತ್ತರ ಸಿದ್ಧವಿರಬೇಕು. ಹೊಸಬನಿಗೆ ಉತ್ತರಗಳು ಗೊತ್ತಿರುವುದಿಲ್ಲ. ದಾರಿಯಲ್ಲಿ ಸಿಕ್ಕ ಕಳ್ಳರನ್ನು ತಡೆದು, ಬೈಸಿಕೊಂಡು, ಸೋತು, ಆ ಬೈಗುಳವನ್ನು ಇನ್ನೊಬ್ಬನ ಮೇಲೆ ಪ್ರಯೋಗಿಸಿ, ಅವನು ಕೊಟ್ಟ ಉತ್ತರವನ್ನು ಕಲಿಯಬೇಕು. ಇಲ್ಲಿ ಸೋಲೇ ಪಾಠಶಾಲೆ.

ಕೊನೆಗೆ ಕಾರ್ಲಾ ಎಂಬ ಕತ್ತಿವರಸೆಯ ಗುರು ಎದುರಾಗುತ್ತಾಳೆ. ಅವಳ ಬೈಗುಳ ಒಂದೂ ಹಿಂದೆ ಕೇಳಿದ್ದಲ್ಲ. ಬಾಯಿಪಾಠ ಮಾಡಿಕೊಂಡು ಹೋದವನ ಗತಿ ಅಷ್ಟೇ. ಆದರೆ ಹಳೆಯ ಉತ್ತರಗಳೇ ಹೊಸ ಬೈಗುಳಗಳಿಗೂ ಒಪ್ಪುತ್ತವೆ. ‘ನಿನ್ನ ಮೈಯ ರಕ್ತವನ್ನೆಲ್ಲ ಹಿಂಡಿ ಕರೆಯುತ್ತೇನೆ’ ಎಂಬರ್ಥದಲ್ಲಿ ಅವಳು ಗುಡುಗಿದರೆ, ಅದೇ ಹಸುವಿನ ಉತ್ತರ ಬೇರೊಂದು ಅರ್ಥ ತೊಟ್ಟು ಬಂದು ಕೂರುತ್ತದೆ. ಅದು ಹೊಳೆದ ಕ್ಷಣದ ಸಂತೋಷಕ್ಕೆ ಯಾವ ಅಂಕವೂ ಸಾಟಿಯಲ್ಲ.

ಸಾವಿಲ್ಲ ಎಂಬುದರ ಲಾಭ ಇದು. ಹೆದರಿದವನು ನಗುವುದಿಲ್ಲ. ಬಾಗಿಲಾಚೆ ಸಾವಿದೆ ಎಂದುಕೊಂಡವನು ಬಾಗಿಲು ತೆರೆಯುವುದಿಲ್ಲ, ಕಂಡವರನ್ನೆಲ್ಲ ಮಾತಾಡಿಸುವುದಿಲ್ಲ, ಮಧ್ಯದಲ್ಲಿ ರಾಟೆ ಸಿಕ್ಕಿಸಿದ ರಬ್ಬರ್ ಕೋಳಿಯನ್ನು ಹಗ್ಗಕ್ಕೆ ತೂಗಿಸಿ ಇನ್ನೊಂದು ದ್ವೀಪಕ್ಕೆ ಜಾರಿಹೋಗುವ ಹುಚ್ಚಾಟಕ್ಕೆ ಇಳಿಯುವುದಿಲ್ಲ. ಒಂದು ಕಡೆ ಗೈಬ್ರಷ್ ಬಂಡೆಯ ತುದಿಯಿಂದ ಕೆಳಗೆ ಬೀಳುತ್ತಾನೆ. ಸಿಯೆರಾದ ಆಟಗಳ ಶೈಲಿಯಲ್ಲೇ ‘ಕೆಲಸ ಕೆಟ್ಟಿತು’ ಎಂಬ ಫಲಕ ಪರದೆಯ ಮೇಲೆ ಬರುತ್ತದೆ. ಆಟಗಾರನ ಎದೆ ಧಸಕ್ಕೆನ್ನುವಷ್ಟರಲ್ಲಿ ಅವನು ಚೆಂಡಿನಂತೆ ಪುಟಿದು ಮೇಲೆ ಬಂದು ನಿಲ್ಲುತ್ತಾನೆ. ಕೆಳಗಿದ್ದದ್ದು ರಬ್ಬರ್ ಮರವಂತೆ!

ಕೋತಿ ಮತ್ತು ಸ್ಪ್ಯಾನರ್

ನಿಯಮ ಬರೆದವರೇ ನಿಯಮ ಮುರಿದದ್ದೂ ಉಂಟು. ಎರಡನೆಯ ‘ಮಂಕಿ ಐಲೆಂಡ್’ 1991ರಲ್ಲಿ ಬಂತು. ಅದರಲ್ಲೊಂದು ಜಲಪಾತವನ್ನು ನಿಲ್ಲಿಸಬೇಕು. ನಿಲ್ಲಿಸಲು ಒಂದು ಪಂಪನ್ನು ತಿರುಗಿಸಬೇಕು. ತಿರುಗಿಸುವುದು ಯಾವುದರಿಂದ? ಪಿಯಾನೋ ನುಡಿಸುವ ಒಂದು ಕೋತಿಯನ್ನು, ಅಲ್ಲಿನ ತಾಳಯಂತ್ರಕ್ಕೆ ಬಾಳೆಹಣ್ಣು ಸಿಕ್ಕಿಸಿ ಮರುಳುಗೊಳಿಸಿ, ಸೆಟೆದು ನಿಂತ ಅದನ್ನೇ ಎತ್ತಿ ತಂದು ಪಂಪಿಗೆ ಹಾಕಿ ತಿರುಗಿಸಬೇಕು. ಅಮೆರಿಕದಲ್ಲಿ ಒಂದು ಬಗೆಯ ಸ್ಪ್ಯಾನರಿಗೆ ‘ಮಂಕಿ ರೆಂಚ್’ ಎನ್ನುತ್ತಾರೆ. ಒಗಟಿನ ಗುಟ್ಟು ಇಷ್ಟೇ. ಆ ಮಾತು ಕಿವಿಗೆ ಬಿದ್ದಿರದ ಬ್ರಿಟನ್ನಿನವರಿಗೆ ಇದು ಹೊಳೆಯುವುದೆಂತು? ಸ್ಪ್ಯಾನರ್ ಎಂದೋ ಪಾನ ಎಂದೋ ಕರೆಯುವ ಕರ್ನಾಟಕದ ಗ್ಯಾರೇಜಿನವರಿಗಂತೂ ದೂರದ ಮಾತು. ಎಷ್ಟೇ ಜಾಣನಾದರೂ ಭಾಷೆಯ ಬೇಲಿಯಾಚೆ ನಿಂತವನಿಗೆ ಆ ಬಾಗಿಲು ತೆರೆಯದು.

ಒಗಟು ಹೇಳುವವರಿಗೆ ಒಂದು ಮರ್ಯಾದೆ ಇದೆ. ಉತ್ತರ ಕೇಳಿದ ಮೇಲೆ ಸೋತವನೂ ‘ಛೆ, ಹೊಳೆಯಬೇಕಿತ್ತು’ ಎನ್ನಬೇಕು. ‘ಇದು ಯಾರಿಗೆ ತಾನೆ ಹೊಳೆದೀತು’ ಎಂದರೆ ಸೋತದ್ದು ಒಗಟು ಹಾಕಿದವನು. ಈ ಮರ್ಯಾದೆ ತಪ್ಪಿದ್ದಕ್ಕೆ ಸಾಹಸದಾಟಗಳ ಲೋಕ ದಂಡ ತೆತ್ತಿತು. ಕೋತಿಯದು ಸಣ್ಣ ಜುಲ್ಮಾನೆ, ದೊಡ್ಡದು ಬೆಕ್ಕಿನಿಂದ ಬಂತು.

ಸಿಯೆರಾ 1999ರಲ್ಲಿ ತಂದ ‘ಗೇಬ್ರಿಯಲ್ ನೈಟ್-3’ ಗಂಭೀರವಾದ ಪತ್ತೇದಾರಿ ಕಥೆ. ಅದರಲ್ಲಿ ನಾಯಕ ತನ್ನ ಗೆಳೆಯನ ಹೆಸರಿನಲ್ಲಿ ಮೋಟಾರ್‌ಸೈಕಲ್ ಬಾಡಿಗೆಗೆ ಪಡೆಯಬೇಕು. ಅದಕ್ಕಾಗಿ ಒಂದು ಬಾಗಿಲಿನ ತೂತಿಗೆ ಅಂಟುಪಟ್ಟಿ ಹಚ್ಚಿ, ಅದರ ಮೂಲಕ ಬೆಕ್ಕನ್ನು ಓಡಿಸಿ, ಅಂಟಿದ ಕೂದಲನ್ನು ಸಿಹಿಪಾಕದಿಂದ ತುಟಿಯ ಮೇಲೆ ಮೆತ್ತಿಕೊಂಡು ಮೀಸೆ ಮಾಡಿಕೊಳ್ಳಬೇಕು. ವೇಷ ಹಾಕುವುದು ಯಾರದು? ಮೀಸೆಯೇ ಇಲ್ಲದ ಗೆಳೆಯನದು! ಹೀಗಾಗಿ ಅವನ ಪಾಸ್‌ಪೋರ್ಟ್ ಕದ್ದು ಅದರ ಚಿತ್ರಕ್ಕೂ ಪೆನ್ನಿನಿಂದ ಮೀಸೆ ಬರೆಯಬೇಕು. ಎರಿಕ್ ವೋಲ್ಪಾ ಎಂಬ ಲೇಖಕ 2000ದಲ್ಲಿ ಈ ಒಗಟಿನ ಒಂದೊಂದು ಹೆಜ್ಜೆಯನ್ನೂ ಬಿಡಿಸಿಟ್ಟು ಗೇಲಿ ಮಾಡಿದರು. ಸಾಹಸದಾಟವನ್ನು ಬೇರಾರೂ ಕೊಲ್ಲಲಿಲ್ಲ, ಅದು ತನ್ನ ಕೈಯಾರೆ ಸತ್ತಿತು ಎಂಬುದು ಅವರ ತೀರ್ಪು.

ತೀರ್ಪು ತುಸು ಕಟುವೇ. 1993ರ ‘ಡೂಮ್’ನಿಂದ ಶುರುವಾದ ಗುಂಡಿನಾಟಗಳ ಅಬ್ಬರ, ಮೂರು ಆಯಾಮದ ಚಿತ್ರಗಳ ಹುಚ್ಚು, ಏರುತ್ತಿದ್ದ ಖರ್ಚು ಇವೆಲ್ಲವೂ ಕಾರಣಗಳೇ. ಶೇಫರ್ 1998ರಲ್ಲಿ ರಚಿಸಿದ ‘ಗ್ರಿಮ್ ಫ್ಯಾಂಡ್ಯಾಂಗೊ’ ವಿಮರ್ಶಕರ ಮೆಚ್ಚುಗೆ ಗಳಿಸಿಯೂ ನಿರೀಕ್ಷೆಯಷ್ಟು ಮಾರಾಟವಾಗಲಿಲ್ಲ. ಲ್ಯೂಕಾಸ್‌ಆರ್ಟ್ಸ್ ಎಂದು ಹೆಸರು ಬದಲಿಸಿಕೊಂಡಿದ್ದ ಹಳೆಯ ಸಂಸ್ಥೆ 2004ರಲ್ಲಿ, ತಯಾರಾಗುತ್ತಿದ್ದ ಸಾಹಸದಾಟವೊಂದನ್ನು ಅರ್ಧಕ್ಕೇ ಕೈಬಿಟ್ಟಿತು.

ಕಾದು ಕೂತವರು

ಆದರೆ ಆಡಿದವರು ಮರೆತಿರಲಿಲ್ಲ. ಹಳೆಯ ಆಟಗಳು ಹೊಸ ಯಂತ್ರಗಳಲ್ಲಿ ಓಡದಾದಾಗ, 2001ರಲ್ಲಿ ಉತ್ಸಾಹಿಗಳು ‘ಸ್ಕಮ್‌ವಿಎಂ’ ಎಂಬ ಉಚಿತ ತಂತ್ರಾಂಶ ಬರೆದು ಅವಕ್ಕೆ ಮರುಜೀವ ಕೊಟ್ಟರು. 2012ರಲ್ಲಿ ಶೇಫರ್ ಹೊಸ ಸಾಹಸದಾಟಕ್ಕೆಂದು ಜನರ ಮುಂದೆ ಜೋಳಿಗೆ ಹಿಡಿದು 4 ಲಕ್ಷ ಡಾಲರ್ ಕೇಳಿದರು. 87 ಸಾವಿರಕ್ಕೂ ಹೆಚ್ಚು ಮಂದಿ ಸೇರಿ 33 ಲಕ್ಷ ಡಾಲರ್ ಹಾಕಿದರು. ಗಿಲ್ಬರ್ಟ್ ಮತ್ತು ವಿನ್ನಿಕ್ 2017ರಲ್ಲಿ ‘ತಿಂಬಲ್‌ವೀಡ್ ಪಾರ್ಕ್’ ತಂದರು. 2022ರಲ್ಲಿ ಗಿಲ್ಬರ್ಟ್ ಮತ್ತು ಗ್ರಾಸ್‌ಮನ್ ಮತ್ತೆ ಗೈಬ್ರಷ್‌ನ ಬಳಿಗೆ ಮರಳಿ ‘ರಿಟರ್ನ್ ಟು ಮಂಕಿ ಐಲೆಂಡ್’ ಕೊಟ್ಟರು. ಅಷ್ಟರಲ್ಲಿ ಡಿಸ್ನಿ ಸಂಸ್ಥೆ ಲ್ಯೂಕಾಸ್‌ಫಿಲ್ಮನ್ನು ಕೊಂಡು ಹತ್ತು ವರ್ಷವಾಗಿತ್ತು. ಡಿಸ್ನಿಯ ದೋಣಿಯಿಂದ ಇಳಿಯಬೇಕೆಂದು ಹುಟ್ಟಿದ ಕನಸು ಸುತ್ತಿ ಬಳಸಿ ಡಿಸ್ನಿಯ ಒಡೆತನಕ್ಕೇ ಬಂದಿತ್ತು.

ಈ ನಡುವೆ ಆಡುವವರ ಪರಿಸ್ಥಿತಿಯೂ ಬದಲಾಗಿದೆ. 1990ರಲ್ಲಿ ಸಿಕ್ಕಿಬಿದ್ದವನಿಗೆ ಇದ್ದ ದಾರಿ ಎರಡೇ. ಸುಳಿವಿನ ಪುಸ್ತಕ ಕೊಳ್ಳಬೇಕು, ಇಲ್ಲವೇ ಸಂಸ್ಥೆಯ ದೂರವಾಣಿಗೆ ಹಣ ತೆತ್ತು ಕೇಳಬೇಕು. ಎರಡೂ ಬೇಡವೆಂದರೆ ಕಂಪ್ಯೂಟರ್ ಆರಿಸಿ ಎದ್ದು ಹೋಗಬೇಕು. ಎಷ್ಟೋ ಉತ್ತರಗಳು ಹೊಳೆಯುತ್ತಿದ್ದದ್ದು ಹಾಗೆ ಎದ್ದುಹೋದ ಮೇಲೆಯೇ, ಬಸ್ಸಿಗೆ ಕಾಯುವಾಗಲೋ ಸ್ನಾನ ಮಾಡುವಾಗಲೋ. ಈಗ ಪ್ರತಿ ಒಗಟಿನ ಉತ್ತರವೂ ಅಂತರಜಾಲದಲ್ಲಿ ಅರ್ಧ ನಿಮಿಷದ ದೂರದಲ್ಲಿದೆ. ಒಂದು ಸಲ ನೋಡಿದವನು ಎರಡನೆಯ ಸಲ ಬೇಗ ನೋಡುತ್ತಾನೆ. ಮೂರನೆಯ ಸಲ ಯೋಚಿಸುವ ಮೊದಲೇ ನೋಡುತ್ತಾನೆ. ಕತ್ತಿಗಳ ನಡುವೆ ನಿಂತು ಕಾಲ ಬುಡ ನೋಡುವ ಗಳಿಗೆ ಅವನ ಪಾಲಿಗೆ ಬರುವುದೇ ಇಲ್ಲ.

ಗಿಲ್ಬರ್ಟರ ತಂಡ ಇದಕ್ಕೆ ಗೊಣಗಲಿಲ್ಲ. 2022ರ ಆಟದಲ್ಲಿ ಗೈಬ್ರಷ್‌ನ ಜೋಳಿಗೆಗೇ ಒಂದು ಸುಳಿವಿನ ಪುಸ್ತಕ ಹಾಕಿಕೊಟ್ಟಿತು. ಅದು ಉತ್ತರವನ್ನು ಒಮ್ಮೆಗೇ ಉಸುರುವುದಿಲ್ಲ. ಮೊದಲು ಸಣ್ಣ ಸೂಚನೆ, ಸಾಲದಿದ್ದರೆ ಇನ್ನೊಂದು, ಕೊನೆಗೆ ಪೂರ್ಣ ಉತ್ತರ. ಎಲ್ಲಿಯವರೆಗೆ ಓದಬೇಕೆಂಬುದು ಆಟಗಾರನಿಗೆ ಬಿಟ್ಟದ್ದು. ಮೂವತ್ತು ವರ್ಷದ ಹಿಂದೆ ನೀರಿನಲ್ಲಿ ಮುಳುಗಿ ಸತ್ತವನಿಗೆ ಗೇಲಿಯಾಗಿ ಹೇಳಿದ ಸಲಹೆ ಈಗ ನಿಜವಾದ ಸಹಾಯವಾಗಿದೆ. ಆಟ ಮಾತ್ರ ಅವಸರಪಡಿಸುವುದಿಲ್ಲ. ಆಟಗಾರ ಪುಸ್ತಕ ಮುಚ್ಚಿ ಒಂದು ಸುತ್ತು ಅಡ್ಡಾಡಿ ಬಂದರೂ ಗೈಬ್ರಷ್ ಬಿಟ್ಟ ಜಾಗದಲ್ಲೇ ನಿಂತಿರುತ್ತಾನೆ.